ನಾಲ್ಕು ವರ್ಷದ ಸ್ಪ್ಯಾನಿಷ್: ಕೊನೆಗೆ ಏನು ಬರಬೇಕು?

ಅಮೆರಿಕದ ಹೈಸ್ಕೂಲುಗಳಲ್ಲಿ ಎರಡನೆಯ ಭಾಷೆ ಎಂದರೆ ಬಹುಮಟ್ಟಿಗೆ ಸ್ಪ್ಯಾನಿಷ್. ಫ್ರೆಂಚ್, ಜರ್ಮನ್, ಲ್ಯಾಟಿನ್, ಚೀನೀ ಭಾಷೆಗಳನ್ನು ಕಲಿಸುವ ಶಾಲೆಗಳೂ ಉಂಟು; ಆದರೆ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಅವು ಸ್ಪ್ಯಾನಿಷಿನ ಹತ್ತಿರಕ್ಕೂ ಬರುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ‘ಸ್ಪ್ಯಾನಿಷ್ ಒಂದು’ ಎಂದು ಶುರುವಾಗುವ ಪಾಠ ವರ್ಷಕ್ಕೊಂದರಂತೆ ಎರಡು, ಮೂರು, ನಾಲ್ಕು ಎಂದು ಏರುತ್ತದೆ. ಮಿಡ್ಲ್ ಸ್ಕೂಲಿನಲ್ಲೇ ಆರಂಭಿಸಿದವರು ಒಂದೆರಡು ಹಂತ ಮುಂದಿರುತ್ತಾರೆ. ಈ ಸಾಲಿನ ತುದಿಯಲ್ಲಿ ಸಾಮಾನ್ಯವಾಗಿ ಇರುವುದು ‘ಎಪಿ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ’ ಎಂಬ ತರಗತಿ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳೂ ಇದರಲ್ಲಿ ಕೂರುತ್ತಾರೆ. ಭಾರತದಲ್ಲಿ ಓದಿ ಹೋದ ತಂದೆತಾಯಿಗೆ ಗಣಿತದ ಎಪಿ, ಭೌತಶಾಸ್ತ್ರದ ಎಪಿ ಏನೆಂದು ಥಟ್ಟನೆ ತಿಳಿಯುತ್ತದೆ. ಭಾಷೆಯ ಎಪಿಯಲ್ಲಿ ಮಾತ್ರ, ಪುಸ್ತಕದ ಯಾವ ಪಾಠ ಪರೀಕ್ಷೆಗೆ ಬರುತ್ತದೆ ಎಂಬ ಪ್ರಶ್ನೆಗೇ ಉತ್ತರ ಸಿಗುವುದಿಲ್ಲ. ಪರೀಕ್ಷೆಗೆಂದು ಗೊತ್ತುಮಾಡಿದ ಪುಸ್ತಕವೇ ಇಲ್ಲ. ಗೊತ್ತುಮಾಡಿರುವುದು ವರ್ಷದ ಕೊನೆಗೆ ವಿದ್ಯಾರ್ಥಿಯ ಕೈಯಲ್ಲಿ ಸ್ಪ್ಯಾನಿಷಿನಲ್ಲಿ ಏನೇನು ಆಗಬೇಕು ಎಂಬುದನ್ನು ಮಾತ್ರ.

ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆ ಬರೆದು, ಅಂಕ ಚೆನ್ನಾಗಿ ಬಂದರೆ ಕಾಲೇಜಿನಲ್ಲಿ ಆ ಪಾಠವನ್ನು ಬಿಡಿಸಿಕೊಳ್ಳುವ ವ್ಯವಸ್ಥೆ ಇದು. 1950ರ ದಶಕದ ಆರಂಭದಲ್ಲಿ ಫೋರ್ಡ್ ಫೌಂಡೇಷನ್ನಿನ ಹಣದಿಂದ ಪ್ರಯೋಗವಾಗಿ ನಡೆದದ್ದು 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಕೈಗೆ ಬಂತು. ಇನ್ನೆರಡು ವರ್ಷಕ್ಕೆ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಗಾಬರಿಗೊಂಡ ಅಮೆರಿಕ 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ತಂದು ವಿಜ್ಞಾನ, ಗಣಿತಗಳ ಜೊತೆಗೆ ವಿದೇಶಿ ಭಾಷೆಗಳ ಕಲಿಕೆಗೂ ಹಣ ಸುರಿಯಿತು. ಶಾಲೆಶಾಲೆಗೂ ಭಾಷಾ ಪ್ರಯೋಗಾಲಯಗಳು ಬಂದವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮಕ್ಕಳು ಟೇಪಿನಲ್ಲಿ ಬಂದ ವಾಕ್ಯವನ್ನು ಬಂದಂತೆಯೇ ಮತ್ತೆ ಮತ್ತೆ ಒಪ್ಪಿಸಿದರು. ಹಾಗೆ ಕಲಿತವರಿಗೆ ಕಂಠಪಾಠದ ವಾಕ್ಯಗಳು ಬಾಯಲ್ಲಿ ಉಳಿದವು. ಎದುರಿನವನು ಟೇಪಿನಲ್ಲಿ ಇಲ್ಲದ ಮಾತು ಆಡಿದರೆ ಉತ್ತರ ಹೊರಡುತ್ತಿರಲಿಲ್ಲ.

ಅಲ್ಲಿಂದ ಈಚೆಗೆ ಭಾಷಾ ಶಿಕ್ಷಣದ ಗುರಿ ನಿಧಾನವಾಗಿ ಬದಲಾಯಿತು. ಭಾಷಾ ಶಿಕ್ಷಕರ ಸಂಘಟನೆಯಾದ ಆಕ್ಟ್‌ಫಲ್ 1986ರಲ್ಲಿ ಭಾಷಾ ಸಾಮರ್ಥ್ಯದ ಮಟ್ಟಗಳನ್ನು ವಿವರಿಸುವ ಮಾರ್ಗಸೂಚಿ ಹೊರತಂದಿತು. 1996ರಲ್ಲಿ ರಾಷ್ಟ್ರೀಯ ಮಾನದಂಡಗಳು ಬಂದವು. ಸಂವಹನ, ಸಂಸ್ಕೃತಿ, ಇತರ ವಿಷಯಗಳೊಂದಿಗಿನ ನಂಟು, ಹೋಲಿಕೆ, ಸಮುದಾಯ ಎಂಬ ಐದು ಗುರಿಗಳನ್ನು ಅವು ಮುಂದಿಟ್ಟವು. ಎಪಿ ಸ್ಪ್ಯಾನಿಷ್ ಪರೀಕ್ಷೆ ಈ ಬದಲಾವಣೆಗೆ ಪೂರ್ತಿ ಒಗ್ಗಿಕೊಂಡದ್ದು 2014ರಲ್ಲಿ. ವ್ಯಾಕರಣದ ಬಿಡಿ ಪ್ರಶ್ನೆಗಳನ್ನು ಕೈಬಿಟ್ಟ ಹೊಸ ರೂಪ ಆ ವರ್ಷ ಜಾರಿಗೆ ಬಂತು. ವಿವರಗಳನ್ನು ಕಾಲೇಜ್ ಬೋರ್ಡ್ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಈ ಬರಹದಲ್ಲಿರುವುದು 2014ರಲ್ಲಿ ನೆಲೆಗೊಂಡ ರೂಪ.

ಅಮೆರಿಕದಲ್ಲಿ ಸ್ಪ್ಯಾನಿಷನ್ನು ವಿದೇಶಿ ಭಾಷೆ ಎನ್ನುವುದು ಅರ್ಧ ಮಾತ್ರ ಸರಿ. ಫ್ಲಾರಿಡಾದ ಸೇಂಟ್ ಆಗಸ್ಟೀನ್ ಪಟ್ಟಣವನ್ನು ಸ್ಪೇನಿನವರು ಕಟ್ಟಿದ್ದು 1565ರಲ್ಲಿ, ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ನೆಲೆಯೂರುವುದಕ್ಕೆ ನಾಲ್ಕು ದಶಕ ಮೊದಲು. ಕ್ಯಾಲಿಫೋರ್ನಿಯಾ ಸೇರಿ ಇಂದಿನ ನೈಋತ್ಯ ರಾಜ್ಯಗಳ ಬಹುಭಾಗ 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದವರೆಗೂ ಮೆಕ್ಸಿಕೊಗೆ ಸೇರಿತ್ತು. 2020ರ ಜನಗಣತಿಯಲ್ಲಿ ತಮ್ಮನ್ನು ಹಿಸ್ಪಾನಿಕ್ ಎಂದು ಗುರುತಿಸಿಕೊಂಡವರು 6.2 ಕೋಟಿ. ಆದ್ದರಿಂದ ಈ ತರಗತಿಯಲ್ಲಿ ಭಾಷೆ ಕಲಿತ ಹುಡುಗಿಗೆ ಅದನ್ನು ಬಳಸಲು ವಿಮಾನ ಹತ್ತಬೇಕಾಗಿಲ್ಲ. ಪಕ್ಕದ ಬೀದಿಯ ಅಂಗಡಿ, ಆಸ್ಪತ್ರೆಯ ಕಾಯುವ ಕೋಣೆ, ಫುಟ್‌ಬಾಲ್ ಮೈದಾನ ಸಾಕು. ಐದು ಗುರಿಗಳಲ್ಲಿ ಕೊನೆಯದಾದ ‘ಸಮುದಾಯ’ ಇಲ್ಲಿ ಜಪಾನೀ ಅಥವಾ ಜರ್ಮನ್ ತರಗತಿಗಿಂತ ಎಷ್ಟೋ ಸುಲಭವಾಗಿ ಕೈಗೆಟುಕುತ್ತದೆ. ಆ ಅನುಕೂಲವನ್ನು ಬಳಸಿಕೊಳ್ಳದ ತರಗತಿಗಳೂ ಕಡಿಮೆಯಿಲ್ಲ ಎನ್ನುವುದು ಬೇರೆ ಮಾತು.

ಎಷ್ಟು ನಿರೀಕ್ಷಿಸಬಹುದು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಪೀರಿಯಡ್ಡು 50 ನಿಮಿಷದ್ದು, ಶಾಲೆ ವರ್ಷಕ್ಕೆ 180 ದಿನ ಎಂದು ಹಿಡಿದರೆ ಒಂದು ವರ್ಷಕ್ಕೆ 150 ಗಂಟೆ, ನಾಲ್ಕು ವರ್ಷಕ್ಕೆ 600 ಗಂಟೆ. ಇದು ಕಾಗದದ ಮೇಲಿನ ಲೆಕ್ಕ. ಹಾಜರಿ, ಪರೀಕ್ಷೆ, ಶಾಲಾ ಸಮಾರಂಭಗಳನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಅತ್ತ ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮನೆಮಾತಿನ ವಯಸ್ಕರು ಕಚೇರಿಯ ಕೆಲಸಕ್ಕೆ ಸಾಲುವಷ್ಟು ಸ್ಪ್ಯಾನಿಷ್ ಕಲಿಯಲು 600ರಿಂದ 750 ಗಂಟೆಗಳ ಪಾಠ ಬೇಕೆನ್ನುತ್ತದೆ. ಹಿಂದಿ, ತಮಿಳು, ತೆಲುಗುಗಳಿಗೆ ಅದು ಇಟ್ಟುಕೊಂಡಿರುವ ಲೆಕ್ಕ 1,100 ಗಂಟೆ. ಆದರೆ ಆ ರಾಜತಾಂತ್ರಿಕರಿಗೆ ದಿನವಿಡೀ ಅದೇ ಕೆಲಸ, ಒಬ್ಬ ಶಿಕ್ಷಕರಿಗೆ ಬೆರಳೆಣಿಕೆಯ ವಿದ್ಯಾರ್ಥಿಗಳು. ಹೈಸ್ಕೂಲಿನಲ್ಲಿ 25-30 ಮಕ್ಕಳು, ನಡುವೆ ಮೂರು ತಿಂಗಳ ಬೇಸಿಗೆ ರಜೆ. ನಾಲ್ಕು ವರ್ಷ ಕಲಿತ ಮೇಲೂ ಮಗು ನಿರರ್ಗಳವಾಗಿ ಮಾತಾಡುವುದಿಲ್ಲ ಎಂದು ದೂರುವ ತಂದೆತಾಯಿ ಈ ಗಂಟೆಗಳನ್ನು ಒಮ್ಮೆ ಕೂಡಿಸಿ ನೋಡಬೇಕು.

ಆಕ್ಟ್‌ಫಲ್ ಮಾರ್ಗಸೂಚಿ ಭಾಷಾ ಸಾಮರ್ಥ್ಯವನ್ನು ಆರಂಭಿಕ, ಮಧ್ಯಮ, ಪ್ರೌಢ, ಅತಿಪ್ರೌಢ ಎಂದು ಏರಿಸುತ್ತಾ ಹೋಗುತ್ತದೆ. ಕೊನೆಯಲ್ಲಿ ವಿಶಿಷ್ಟ ಎಂಬ ಇನ್ನೊಂದು ಮಟ್ಟವನ್ನು ಮಾತು, ಬರಹಗಳಿಗೆ 2012ರಲ್ಲಿ ಸೇರಿಸಲಾಯಿತು. ಆರಂಭಿಕ ಮಟ್ಟದವರು ಬಾಯಿಪಾಠದ ಪದ, ಪದಗುಚ್ಛಗಳಿಂದ ಕಾಲ ಹಾಕುತ್ತಾರೆ. ಮಧ್ಯಮ ಮಟ್ಟದವರು ತಮ್ಮದೇ ವಾಕ್ಯ ಕಟ್ಟುತ್ತಾರೆ, ಪರಿಚಿತ ವಿಷಯದ ಬಗ್ಗೆ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತಾರೆ. ಪ್ರೌಢ ಮಟ್ಟದವರು ನಡೆದದ್ದನ್ನು, ನಡೆಯುತ್ತಿರುವುದನ್ನು, ನಡೆಯಲಿರುವುದನ್ನು ಒಂದಕ್ಕೊಂದು ಕೊಂಡಿ ಹಾಕಿ ಪ್ಯಾರಾ ಉದ್ದಕ್ಕೆ ಹೇಳಬಲ್ಲರು. ಅತಿಪ್ರೌಢರು ಅಮೂರ್ತ ವಿಷಯವನ್ನು ವಾದಿಸಬಲ್ಲರು, ಹೀಗಾಗಿದ್ದರೆ ಹಾಗಾಗುತ್ತಿತ್ತು ಎಂದು ಊಹೆ ಕಟ್ಟಬಲ್ಲರು. ಎಪಿ ತರಗತಿಯ ಸಾಧಾರಣ ಒಳ್ಳೆಯ ವಿದ್ಯಾರ್ಥಿ ಮಧ್ಯಮದ ಮೇಲಿನ ಅಂಚಿನಲ್ಲಿ, ಪ್ರೌಢದ ಹೊಸ್ತಿಲಲ್ಲಿ ನಿಂತಿರುತ್ತಾನೆ. ಹೀಗಿದ್ದೂ ಪರೀಕ್ಷೆ ಅವನಿಂದ ವಾದ ಮಂಡಿಸುವ ಪ್ರಬಂಧವೊಂದನ್ನು ಕೇಳುತ್ತದೆ. ಇದ್ದ ಭಾಷೆಗಿಂತ ಒಂದು ಮಟ್ಟ ಮೇಲಿನ ಕೆಲಸವನ್ನು ಕೊಟ್ಟು, ಎಷ್ಟು ದೂರ ನಿಭಾಯಿಸುತ್ತಾನೆ ಎಂದು ನೋಡುವುದು ಇಲ್ಲಿನ ಪದ್ಧತಿ. ತರಗತಿ ಕಠಿಣ ಎನಿಸುವುದಕ್ಕೆ ಮುಖ್ಯ ಕಾರಣವೂ ಇದೇ.

ಕಲಿಕೆಯ ಗುರಿಗಳನ್ನು ಓದು, ಬರಹ, ಆಲಿಸುವಿಕೆ, ಮಾತು ಎಂದು ನಾಲ್ಕಾಗಿ ಒಡೆಯುವುದು ಹಳೆಯ ಕ್ರಮ. ಈಗಿನ ವಿಭಜನೆ ಮೂರು ಬಗೆಯದು: ಗ್ರಹಿಕೆ, ಸಂವಾದ, ಮಂಡನೆ.

ಗ್ರಹಿಕೆ ಎಂದರೆ ಬಂದ ಮಾತನ್ನು, ಬರಹವನ್ನು ಅರ್ಥಮಾಡಿಕೊಳ್ಳುವುದು. ಇಲ್ಲಿ ಮಕ್ಕಳಿಗೆಂದು ಸರಳಗೊಳಿಸಿ ಬರೆದ ಪಾಠಗಳಿಗೆ ಜಾಗವಿಲ್ಲ. ಸ್ಪೇನಿನ ‘ಎಲ್ ಪಾಯೀಸ್’ ಪತ್ರಿಕೆಯ ವರದಿ, ಬಿಬಿಸಿ ಮುಂದೊದ ಲೇಖನ, ‘ರಾದಿಯೊ ಆಂಬುಲಾಂತೆ’ಯಂಥ ಪಾಡ್‌ಕಾಸ್ಟ್, ಸರ್ಕಾರದ ಆರೋಗ್ಯ ಜಾಹೀರಾತು, ಒಂದು ಸಣ್ಣ ಕಥೆ, ಬಸ್ಸಿನ ವೇಳಾಪಟ್ಟಿ, ಹೀಗೆ ಸ್ಪ್ಯಾನಿಷ್ ಮಾತಾಡುವವರು ತಮ್ಮವರಿಗಾಗಿ ಮಾಡಿಕೊಂಡದ್ದನ್ನೇ ತರಗತಿಗೆ ತರುತ್ತಾರೆ. ಪ್ರತಿ ಪದದ ಅರ್ಥ ತಿಳಿಯಬೇಕೆಂಬ ನಿರೀಕ್ಷೆಯಿಲ್ಲ. ಮುಖ್ಯ ವಿಚಾರ ಏನು, ಬರೆದವರ ನಿಲುವು ಏನು, ಇದು ಯಾರಿಗಾಗಿ ಬರೆದದ್ದು, ಸಂದರ್ಭದಿಂದ ಈ ಅಪರಿಚಿತ ಪದಕ್ಕೆ ಯಾವ ಅರ್ಥ ಹೊಂದುತ್ತದೆ ಎಂಬುದನ್ನು ಹೇಳಬಲ್ಲವರಾದರೆ ಸಾಕು. ಓದುವುದಕ್ಕಿಂತ ಆಲಿಸುವುದರಲ್ಲಿ ಮಕ್ಕಳು ಹೆಚ್ಚು ಎಡವುತ್ತಾರೆ. ಇಪ್ಪತ್ತು ದೇಶಗಳ ಭಾಷೆಗೆ ಉಚ್ಚಾರ ಒಂದೇ ಆಗಿರುವುದು ಸಾಧ್ಯವಿಲ್ಲ. ಕ್ಯೂಬಾ, ಪೋರ್ಟೊ ರೀಕೊ, ಡೊಮಿನಿಕನ್ ಗಣರಾಜ್ಯದವರು ಪದದ ಕೊನೆಯ ‘ಸ್’ ಅನ್ನು ನುಂಗುತ್ತಾರೆ. ಬ್ವೇನೋಸ್ ಐರೇಸಿನವರ ‘ಯ’ಕಾರ ‘ಶ’ಕಾರಕ್ಕೆ ಹತ್ತಿರ. ಮ್ಯಾಡ್ರಿಡ್ಡಿನವರು ಕೆಲವು ‘ಸ’ಗಳನ್ನು ನಾಲಗೆ ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ. ಮೂರು ವರ್ಷ ಒಬ್ಬರೇ ಶಿಕ್ಷಕರ ದನಿಗೆ ಒಗ್ಗಿದ ಕಿವಿಗೆ ಇವೆಲ್ಲ ಬೇರೆ ಬೇರೆ ಭಾಷೆಗಳಂತೆ ಕೇಳುತ್ತವೆ. ಹಾಗಾಗಿ ಒಳ್ಳೆಯ ಶಿಕ್ಷಕರು ಮೊದಲ ವಾರದಿಂದಲೇ ಮನೆಗೆಲಸವಾಗಿ ಬೇರೆ ಬೇರೆ ದೇಶಗಳ ಧ್ವನಿಮುದ್ರಣಗಳನ್ನು ಕೊಡುತ್ತಾರೆ.

ಸಂವಾದದಲ್ಲಿ ಎದುರಿಗೆ ಒಬ್ಬರಿರುತ್ತಾರೆ. ಮಾತಿರಲಿ, ಇಮೇಲ್ ಇರಲಿ, ಅವರ ಮಾತಿಗೆ ತಕ್ಕ ಉತ್ತರ ಬರಬೇಕು, ಅರ್ಥವಾಗದಿದ್ದರೆ ಮತ್ತೆ ಕೇಳಬೇಕು, ಪದ ಹೊಳೆಯದಿದ್ದರೆ ಬಳಸಿ ಹೇಳಬೇಕು. ಮಂಡನೆ ಒಮ್ಮುಖ. ಭಾಷಣ, ಪ್ರಬಂಧ, ವರದಿಗಳಲ್ಲಿ ಕೇಳುಗರು ನಡುವೆ ಬಾಯಿ ಹಾಕುವುದಿಲ್ಲವಾದ್ದರಿಂದ ಹೇಳುವವನೇ ಕ್ರಮ ಹಾಕಿ, ಕೊಂಡಿ ಕೂಡಿಸಿ ಹೇಳಬೇಕು.

ವರ್ಷದ ಪಾಠಗಳನ್ನು ಆರು ವಸ್ತುಗಳ ಸುತ್ತ ಹೆಣೆದಿರುತ್ತಾರೆ: ಕುಟುಂಬ ಮತ್ತು ಸಮುದಾಯ, ವೈಯಕ್ತಿಕ ಹಾಗೂ ಸಾರ್ವಜನಿಕ ಅಸ್ಮಿತೆ, ಸೌಂದರ್ಯ ಮತ್ತು ಕಲೆ, ವಿಜ್ಞಾನ ಮತ್ತು ತಂತ್ರಜ್ಞಾನ, ಸಮಕಾಲೀನ ಬದುಕು, ಜಗತ್ತಿನ ಸವಾಲುಗಳು. ಹೆಸರುಗಳು ಸಮಾಜ ವಿಜ್ಞಾನದ ಪುಸ್ತಕದಿಂದ ತೆಗೆದಂತೆ ಒಣಗಿವೆ, ನಿಜ. ಒಳಗೆ ತುಂಬಿಸುವ ಸಾಮಗ್ರಿಯಲ್ಲಿ ಶಿಕ್ಷಕರಿಗೆ ಪೂರ್ತಿ ಸ್ವಾತಂತ್ರ್ಯವಿದೆ. ಅಸ್ಮಿತೆಯ ಘಟಕದಲ್ಲಿ ಪರಾಗ್ವೆಯ ವಿಷಯ ತೆಗೆದುಕೊಳ್ಳಬಹುದು. ಅಲ್ಲಿ ಮೂಲನಿವಾಸಿಗಳ ಭಾಷೆಯಾದ ಗ್ವಾರಾನಿಗೆ 1992ರ ಸಂವಿಧಾನ ಸ್ಪ್ಯಾನಿಷಿಗೆ ಸಮನಾದ ಅಧಿಕೃತ ಸ್ಥಾನ ಕೊಟ್ಟಿದೆ. ಮೂಲನಿವಾಸಿಗಳಲ್ಲದವರೂ ಅದನ್ನು ಮನೆಯಲ್ಲಿ, ಬೀದಿಯಲ್ಲಿ ಆಡುತ್ತಾರೆ. ಸ್ಪೇನಿನಲ್ಲಿ ಫ್ರಾಂಕೊ ಆಡಳಿತ ಮೂಲೆಗೊತ್ತಿದ್ದ ಕತಲಾನ್, ಬಾಸ್ಕ್, ಗಲಿಸಿಯನ್ ಭಾಷೆಗಳು 1978ರ ಸಂವಿಧಾನದ ಬಳಿಕ ತಮ್ಮ ತಮ್ಮ ಪ್ರಾಂತಗಳಲ್ಲಿ ಅಧಿಕೃತವಾದ ಕಥೆ ಇನ್ನೊಂದು. ಭಾಷೆ, ಆಡಳಿತ, ಶಾಲಾ ಮಾಧ್ಯಮಗಳ ಜಗಳ ಕೇಳುತ್ತ ಬೆಳೆದ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಸೌಂದರ್ಯದ ಘಟಕಕ್ಕೆ 1882ರಲ್ಲಿ ಶುರುವಾಗಿ ಶತಮಾನ ದಾಟಿಯೂ ಕಟ್ಟುತ್ತಲೇ ಬಂದ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಇದೆ, ಪಿಕಾಸೊ 1937ರಲ್ಲಿ ಬರೆದ ‘ಗೆರ್ನಿಕಾ’ ಇದೆ. ಸವಾಲುಗಳ ಘಟಕಕ್ಕೆ ಬೊಲಿವಿಯಾದ ಕೊಚಬಾಂಬಾ ನಗರದ ಜನ ನೀರಿನ ಖಾಸಗೀಕರಣದ ವಿರುದ್ಧ 2000ದಲ್ಲಿ ಬೀದಿಗಿಳಿದದ್ದು, 1948ರಲ್ಲೇ ಸೈನ್ಯವನ್ನು ವಿಸರ್ಜಿಸಿದ ಕೋಸ್ಟರಿಕಾ, ವೆನೆಜುವೆಲಾದಿಂದ ಹೊರಟ ಲಕ್ಷಾಂತರ ವಲಸಿಗರು, ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದು.

ಹಾಗಾದರೆ ವ್ಯಾಕರಣ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಈ ತರಗತಿಗೆ ಬರುವ ಹೊತ್ತಿಗೆ ಅದು ಬಂದಿರಬೇಕು ಎಂಬುದೇ ಮೊದಲ ನಿರೀಕ್ಷೆ. ಭೂತಕಾಲದ ಎರಡು ರೂಪಗಳಲ್ಲಿ ಮುಗಿದುಹೋದ ಕ್ರಿಯೆಗೆ ಯಾವುದು, ನಡೆಯುತ್ತಿದ್ದ ಅಥವಾ ರೂಢಿಯಾಗಿದ್ದ ಕ್ರಿಯೆಗೆ ಯಾವುದು ಎಂಬ ವಿವೇಚನೆ, ‘ಇರು’ ಎಂಬ ಅರ್ಥಕ್ಕೆ ‘ಸೇರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳ ಹಂಚಿಕೆ, ನಾಮಪದದ ಲಿಂಗಕ್ಕೆ ವಿಶೇಷಣವನ್ನು ಹೊಂದಿಸುವುದು, ಇವನ್ನು ಇಲ್ಲಿ ಹೊಸದಾಗಿ ಕಲಿಸುವುದಿಲ್ಲ, ತಪ್ಪಿದಲ್ಲಿ ತಿದ್ದುತ್ತಾರೆ. ಹೆಚ್ಚು ಹೊತ್ತು ಹಿಡಿಯುವುದು ಸಬ್‌ಜಂಕ್ಟಿವ್. ಆಸೆ, ಸಂದೇಹ, ಭಯ, ಸಲಹೆಗಳನ್ನು ಹೇಳುವಾಗ ಅಧೀನ ವಾಕ್ಯದ ಕ್ರಿಯಾಪದಕ್ಕೆ ಬೇರೆಯದೇ ರೂಪ ಬರಬೇಕೆಂಬ ಈ ನಿಯಮ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಸತ್ತುಹೋಗಿರುವುದರಿಂದ ಅಮೆರಿಕದ ಮಕ್ಕಳಿಗೆ ಇದು ತಲೆನೋವು. ಪ್ರಬಂಧದಲ್ಲಿ ಸಲಹೆ ಕೊಡುವುದೂ ಊಹೆ ಮಾಡುವುದೂ ಅನಿವಾರ್ಯವಾದ್ದರಿಂದ ಇದನ್ನು ತಪ್ಪಿಸಿಕೊಂಡು ಓಡಾಡುವುದಕ್ಕೂ ಆಗುವುದಿಲ್ಲ.

ಕನ್ನಡ ಮನೆಯಿಂದ ಬಂದ ಮಕ್ಕಳಿಗೆ ಕೆಲವು ಕಡೆ ದಾರಿ ಸಲೀಸು. ಸ್ಪ್ಯಾನಿಷಿನ ತಕಾರ, ದಕಾರಗಳು ಹಲ್ಲಿಗೆ ತಾಗುವ ದಂತ್ಯಗಳು. ಇಂಗ್ಲಿಷ್ ನಾಲಗೆ ಅವನ್ನು ಟಕಾರ, ಡಕಾರಗಳ ಕಡೆಗೆ ಎಳೆಯುತ್ತದೆ, ಕನ್ನಡದ ನಾಲಗೆಗೆ ಆ ತೊಡಕಿಲ್ಲ. ಸ್ವರಗಳು ಅ, ಎ, ಇ, ಒ, ಉ ಎಂದು ಐದೇ, ಬರೆದಂತೆ ಓದಬಹುದು. ಕ್ರಿಯಾಪದವೇ ಕರ್ತೃವನ್ನು ಸೂಚಿಸುವುದರಿಂದ ‘ನಾನು’, ‘ಅವಳು’ ಎಂದು ಪ್ರತಿ ಸಲ ಹೇಳಬೇಕಾಗಿಲ್ಲ; ‘ಬಂದೆ’, ‘ಬಂದಳು’ ಎನ್ನುವವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ‘ನನಗೆ ಕಾಫಿ ಇಷ್ಟ’ ಎಂಬ ರಚನೆಯೇ ಸ್ಪ್ಯಾನಿಷಿನಲ್ಲೂ ಇದೆ. ಕಾಫಿಯನ್ನು ಕರ್ತೃವಾಗಿಸಿ ಇಷ್ಟಪಡುವವನಿಗೆ ಚತುರ್ಥಿ ಹಚ್ಚುವ ಈ ಕ್ರಮವನ್ನು ಇಂಗ್ಲಿಷ್ ಮಕ್ಕಳಿಗೆ ಹೇಳಿಕೊಡಲು ಶಿಕ್ಷಕರು ವಾರಗಟ್ಟಲೆ ಹೆಣಗುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ‘ನೀನು’, ‘ನೀವು’ ಎಂಬ ಭೇದ. ‘ತೂ’ ಮತ್ತು ‘ಉಸ್ತೇದ್’ ನಡುವೆ ಸರಿಯಾದದ್ದನ್ನು ಆರಿಸಿ, ಒಮ್ಮೆ ಆರಿಸಿದ ಮೇಲೆ ಕೊನೆತನಕ ಅದನ್ನೇ ಹಿಡಿದುಕೊಂಡು ಹೋಗುವುದು ಈ ತರಗತಿಯ ಘೋಷಿತ ಗುರಿಗಳಲ್ಲಿ ಒಂದು. ಯಾರೊಂದಿಗೆ ಯಾವುದು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅರ್ಜೆಂಟೀನಾದಲ್ಲಿ ಗೆಳೆಯರಿಗೆ ‘ವೋಸ್’, ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ‘ವೊಸೋತ್ರೋಸ್’, ಕೊಲಂಬಿಯಾದ ಕೆಲವು ಪ್ರದೇಶಗಳಲ್ಲಿ ಮನೆಯವರಿಗೂ ‘ಉಸ್ತೇದ್’. ಯಾವ ಪ್ರದೇಶದ ರೂಢಿಯನ್ನು ಅನುಸರಿಸಿದರೂ ನಡೆಯುತ್ತದೆ, ಬೆರಕೆಯಾಗಬಾರದು.

ಕನ್ನಡಿಗ ಮಕ್ಕಳಿಗೂ ಎಲ್ಲವೂ ಸುಲಭವಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎನ್ನುವ ಲಿಂಗ ವ್ಯವಸ್ಥೆ ಕನ್ನಡದ ಅರ್ಥಾನುಸಾರಿ ಲಿಂಗಕ್ಕೆ ಪೂರ್ತಿ ಹೊರತು. ಹಿಂದಿ ಬಲ್ಲ ಮಕ್ಕಳು ಅಲ್ಲಿ ಸ್ವಲ್ಪ ಮುಂದಿರುತ್ತಾರೆ.

ಸಂಸ್ಕೃತಿ ಈ ತರಗತಿಯ ಹೆಸರಿನಲ್ಲೇ ಇದೆ. ಪಾಠದಲ್ಲಿ ಮಾತ್ರ ಅದು ಬಹಳ ಕಡೆ ಸೊರಗುತ್ತದೆ. ಹಬ್ಬದ ದಿನ ಟಾಕೊ ತಿಂದು, ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರೆ ಸಂಸ್ಕೃತಿ ಮುಗಿಯಿತು ಎನ್ನುವ ರೂಢಿಯಿದೆ. ಮಾನದಂಡಗಳು ಕೇಳುವುದು ಅದನ್ನಲ್ಲ. ಅವು ಸಂಸ್ಕೃತಿಯನ್ನು ವಸ್ತು, ಆಚರಣೆ, ದೃಷ್ಟಿಕೋನ ಎಂಬ ಮೂರರ ಸಂಬಂಧವಾಗಿ ನೋಡುತ್ತವೆ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ನಡೆಯುವ ಮೃತರ ದಿನವನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ಕಟ್ಟುವ ವೇದಿಕೆ, ತೀರಿಹೋದವರ ಚಿತ್ರ, ವಿಶೇಷ ಬ್ರೆಡ್ಡು, ಚೆಂಡು ಹೂವು ಇವು ವಸ್ತುಗಳು. ಸತ್ತವರಿಗೆ ಇಷ್ಟವಾದ ತಿನಿಸು ಮಾಡಿ ಇಡುವುದು, ಸಮಾಧಿಯ ಬಳಿ ರಾತ್ರಿ ಕಳೆಯುವುದು ಆಚರಣೆ. ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬಂದುಹೋಗುತ್ತಾರೆ, ಅವರನ್ನು ನೆನೆಯುವವರು ಇರುವ ತನಕ ಅವರು ಪೂರ್ತಿ ಇಲ್ಲವಾಗುವುದಿಲ್ಲ ಎಂಬ ನಂಬಿಕೆ ದೃಷ್ಟಿಕೋನ. ಮೊದಲೆರಡನ್ನು ವಿವರಿಸಿ ಮೂರನೆಯದನ್ನು ಬಿಟ್ಟ ವಿದ್ಯಾರ್ಥಿಯ ಉತ್ತರ ಅರ್ಧಕ್ಕೆ ನಿಂತಂತೆ.

ಇದಕ್ಕೆ ಎದುರಾಗಿ ವಿದ್ಯಾರ್ಥಿ ತನ್ನದೇ ಸಮುದಾಯದ ಒಂದು ಆಚರಣೆಯನ್ನಿಟ್ಟು ಹೋಲಿಸಬೇಕು. ತನ್ನ ಸಮುದಾಯವೆಂದರೆ ಸರಾಸರಿ ಅಮೆರಿಕವೇ ಆಗಬೇಕೆಂದಿಲ್ಲ. ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ಮನೆಯ ಹುಡುಗ ಅದನ್ನೇ ಎತ್ತಿಕೊಳ್ಳಬಹುದು: ಇಲ್ಲೂ ತೀರಿಹೋದವರ ಮೆಚ್ಚಿನ ಅಡುಗೆ, ಇಲ್ಲೂ ವರ್ಷಕ್ಕೊಮ್ಮೆ ಬರುವ ಹಿರಿಯರು, ಆದರೆ ಅಲ್ಲಿ ಸಂಗೀತ, ಬಣ್ಣ, ಬುರುಡೆಯ ಮಿಠಾಯಿ, ಇಲ್ಲಿ ಶುಭಕಾರ್ಯಗಳಿಗೇ ತಡೆ. ಸಾಮ್ಯ ಹೇಳಿ ನಿಲ್ಲಿಸದೆ ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಅದು ಒಳ್ಳೆಯ ಉತ್ತರ. ನಮ್ಮ ಹಬ್ಬಗಳ ಬಾಗಿಲಿಗೆಲ್ಲ ಕಟ್ಟುವ ಚೆಂಡು ಹೂವಿನ ಗಿಡದ ಮೂಲವೂ ಮೆಕ್ಸಿಕೊ ಸೀಮೆಯೇ ಎಂಬುದನ್ನು ಅವನು ಸೇರಿಸಿದರೆ ಪರೀಕ್ಷಕರಿಗೂ ಹೊಸ ಸಂಗತಿ ಸಿಕ್ಕೀತು.

ಪರೀಕ್ಷೆ ಸುಮಾರು ಮೂರು ಗಂಟೆಯದು, ಎರಡು ಭಾಗಗಳಿಗೆ ಸಮ ತೂಕ. ಮೊದಲ ಭಾಗದಲ್ಲಿ 95 ನಿಮಿಷಕ್ಕೆ 65 ಬಹು ಆಯ್ಕೆಯ ಪ್ರಶ್ನೆಗಳು. 30 ಓದಿ ಉತ್ತರಿಸುವವು, ಉಳಿದ 35ಕ್ಕೆ ಧ್ವನಿಮುದ್ರಣ ಕೇಳಬೇಕು. ಇಲ್ಲಿ ಗ್ರಹಿಕೆಯದೇ ಪರೀಕ್ಷೆ, ಹೆಚ್ಚು ಹೇಳಬೇಕಾದ್ದಿಲ್ಲ.

ಎರಡನೆಯ ಭಾಗ ನಾಲ್ಕು ಕೆಲಸಗಳದು, ಪ್ರತಿಯೊಂದಕ್ಕೂ ಒಟ್ಟು ಅಂಕದ ಶೇಕಡಾ 12.5. ಮೊದಲನೆಯದು 15 ನಿಮಿಷದಲ್ಲಿ ಒಂದು ಔಪಚಾರಿಕ ಇಮೇಲಿಗೆ ಉತ್ತರ. ಬಂದ ಪತ್ರದಲ್ಲಿರುವ ಪ್ರಶ್ನೆಗಳಿಗೆಲ್ಲ ಉತ್ತರಿಸಿ, ತಾನೂ ಒಂದು ವಿವರ ಕೇಳಿ, ತಕ್ಕ ಸಂಬೋಧನೆ, ತಕ್ಕ ಮುಕ್ತಾಯ ಬರೆಯಬೇಕು. ಎರಡನೆಯದು ಪ್ರಬಂಧ. ಒಂದು ಲೇಖನ, ಒಂದು ಕೋಷ್ಟಕ ಅಥವಾ ನಕ್ಷೆ, ಎರಡು ಸಲ ಕೇಳಿಸುವ ಒಂದು ಧ್ವನಿಮುದ್ರಣ, ಈ ಮೂರನ್ನು ನೋಡಿಕೊಳ್ಳಲು ಸುಮಾರು 15 ನಿಮಿಷ, ಬರೆಯಲು 40 ನಿಮಿಷ. ಮೂರೂ ಆಕರಗಳನ್ನು ಸಾರಾಂಶ ಮಾಡಿಟ್ಟರೆ ಸಾಲದು; ತನ್ನ ನಿಲುವಿಗೆ ಅವನ್ನು ಸಾಕ್ಷಿಯಾಗಿ ಬಳಸಬೇಕು. ಕೋಷ್ಟಕವನ್ನು ಮರೆತುಬಿಡುವುದು ಇಲ್ಲಿ ಸಾಮಾನ್ಯ ತಪ್ಪು. ಮೂರನೆಯದು ಸಂಭಾಷಣೆ. ಧ್ವನಿಮುದ್ರಿತ ವ್ಯಕ್ತಿಯೊಬ್ಬರು ಐದು ಸಲ ಮಾತಾಡುತ್ತಾರೆ, ಪ್ರತಿ ಸಲವೂ ಉತ್ತರಕ್ಕೆ 20 ಸೆಕೆಂಡು. ಎದುರಿಗಿರುವುದು ಯಂತ್ರ, ತಡವರಿಸಿದರೆ ಕಾಯುವುದಿಲ್ಲ, ಅರ್ಥವಾಗದಿದ್ದರೆ ಮತ್ತೆ ಹೇಳುವುದಿಲ್ಲ. ಇದನ್ನು ಸಂವಾದ ಎಂದು ಕರೆಯುವುದು ಸ್ವಲ್ಪ ಉದಾರವೇ. ಮುಖ ನೋಡಿ ಮಾತಾಡುವಾಗ ಸಿಗುವ ಯಾವ ನೆರವೂ ಇಲ್ಲದ ಈ 20 ಸೆಕೆಂಡುಗಳಿಗೆಂದೇ ತರಗತಿಗಳಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ನಾಲ್ಕನೆಯದು ಮೇಲೆ ಹೇಳಿದ ಸಾಂಸ್ಕೃತಿಕ ಹೋಲಿಕೆ: ತಯಾರಿಗೆ 4 ನಿಮಿಷ, ಮಾತಾಡಲು 2 ನಿಮಿಷ. ನಿಘಂಟಿಗೆ ಎಲ್ಲೂ ಅವಕಾಶವಿಲ್ಲ.

ಈ ನಾಲ್ಕಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ತಪ್ಪುಗಳನ್ನು ಎಣಿಸಿ ಅಂಕ ಕಳೆಯುವ ಕ್ರಮ ಇಲ್ಲಿಲ್ಲ. ಕೆಲಸ ಪೂರ್ಣವಾಯಿತೇ, ಓದುವವರಿಗೆ ಸರಾಗವಾಗಿ ಅರ್ಥವಾಗುತ್ತದೆಯೇ, ಪದಸಂಪತ್ತು ವೈವಿಧ್ಯಮಯವೇ, ವಾಕ್ಯರಚನೆಯಲ್ಲಿ ಹಿಡಿತವಿದೆಯೇ, ಗೌರವದ ಮಟ್ಟ ಸಂದರ್ಭಕ್ಕೆ ತಕ್ಕುದೇ ಎಂದು ನೋಡುತ್ತಾರೆ. ಅಲ್ಲಲ್ಲಿ ತಪ್ಪಿದರೂ ಧೈರ್ಯವಾಗಿ ಸಂಕೀರ್ಣ ವಾಕ್ಯ ಕಟ್ಟಿದವನು, ತಪ್ಪಿಗೆ ಹೆದರಿ ಮೂರು ಪದದ ವಾಕ್ಯಗಳಲ್ಲೇ ಉಳಿದವನಿಗಿಂತ ಮುಂದೆ ಹೋಗುತ್ತಾನೆ. ಕೆಂಪು ಶಾಯಿಯ ಎಣಿಕೆಯಲ್ಲಿ ಓದಿ ಬಂದ ಪೋಷಕರಿಗೆ ಇದು ಸಡಿಲು ಎನಿಸಬಹುದು. ಬಳಕೆಯ ಭಾಷೆಗೆ ಇದೇ ಸರಿಯಾದ ಅಳತೆ.

ತರಗತಿಯೊಳಗಿನ ನಿರೀಕ್ಷೆಗಳು ಈ ಗುರಿಗಳಿಂದಲೇ ಹುಟ್ಟಿದವು. ಪಾಠದ ಹೊತ್ತಿನ ಶೇಕಡಾ 90 ಅಥವಾ ಅದಕ್ಕೂ ಹೆಚ್ಚು ಕಲಿಯುತ್ತಿರುವ ಭಾಷೆಯಲ್ಲೇ ನಡೆಯಬೇಕೆಂದು ಆಕ್ಟ್‌ಫಲ್ 2010ರಿಂದ ಹೇಳುತ್ತಿದೆ. ಎಪಿ ತರಗತಿಯಲ್ಲಿ ಬಾಗಿಲು ದಾಟಿದ ಮೇಲೆ ಇಂಗ್ಲಿಷ್ ಬೇಡ ಎಂಬ ನಿಯಮವೇ ಸಾಮಾನ್ಯ. ವಾರಕ್ಕಿಷ್ಟು ಧ್ವನಿಮುದ್ರಣ ಕೇಳುವುದು, ಸುದ್ದಿ ಓದಿ ಎರಡು ಪ್ಯಾರಾ ಬರೆಯುವುದು, ಮಾತನ್ನು ಫೋನಿನಲ್ಲಿ ಮುದ್ರಿಸಿ ಕಳಿಸುವುದು ಮನೆಗೆಲಸ. ನಿಘಂಟಿನಲ್ಲಿ ಪದ ನೋಡಬಹುದು. ಇಡೀ ವಾಕ್ಯವನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಕೊಟ್ಟು ಬಂದದ್ದನ್ನು ಬರೆದು ಕೊಡುವುದನ್ನು ಬಹುತೇಕ ಶಾಲೆಗಳು ನಕಲಿನ ಲೆಕ್ಕಕ್ಕೇ ಹಾಕುತ್ತವೆ. ಶಿಕ್ಷಕರು ಅದನ್ನು ಪತ್ತೆಹಚ್ಚುವುದು ಕಷ್ಟವೂ ಅಲ್ಲ: ನಿನ್ನೆ ತನಕ ವರ್ತಮಾನ ಕಾಲದಲ್ಲಿ ತೊದಲುತ್ತಿದ್ದವನು ಇಂದು ಭೂತಕಾಲದ ಸಬ್‌ಜಂಕ್ಟಿವ್ ಬರೆದರೆ ಯಾರಿಗಾದರೂ ಸಂಶಯ ಬರುತ್ತದೆ.

ತರಗತಿಯಲ್ಲಿ ಇನ್ನೊಂದು ಬಗೆಯ ಮಕ್ಕಳಿರುತ್ತಾರೆ. ಅವರ ಮನೆಮಾತೇ ಸ್ಪ್ಯಾನಿಷ್. ಅಜ್ಜಿಯೊಂದಿಗೆ ಲೀಲಾಜಾಲವಾಗಿ ಮಾತಾಡುವ ಇವರು ಬರೆಯಲು ಕೂತರೆ ಸ್ವರಚಿಹ್ನೆಗಳನ್ನು ಬಿಡುತ್ತಾರೆ, ಪತ್ರದ ಔಪಚಾರಿಕ ಭಾಷೆಗೆ ತಡಕಾಡುತ್ತಾರೆ, ಏಕೆಂದರೆ ಅವರ ಓದೆಲ್ಲ ಇಂಗ್ಲಿಷಿನಲ್ಲಿ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡ ಮಕ್ಕಳ ಸ್ಥಿತಿಯೂ ಕನ್ನಡದ ಮಟ್ಟಿಗೆ ಇದೇ. ಇಂಥವರಿಗೆ ಬೇರೆ ತರಗತಿ ನಡೆಸುವ ಶಾಲೆಗಳಿವೆ. ಒಂದೇ ಕೋಣೆಯಲ್ಲಿ ಎರಡೂ ಗುಂಪು ಕೂತಾಗ ಗುರಿ ಒಂದೇ ಆದರೂ ದಾರಿ ಬೇರೆ ಆಗಬೇಕು. ಒಬ್ಬರಿಗೆ ಮಾತಿನ ಅಭ್ಯಾಸ, ಇನ್ನೊಬ್ಬರಿಗೆ ಬರಹದ ಶಿಸ್ತು. ಕಾಲೇಜ್ ಬೋರ್ಡ್ ಫಲಿತಾಂಶದ ಅಂಕಿಅಂಶ ಕೊಡುವಾಗ ಭಾಷೆಯನ್ನು ಮುಖ್ಯವಾಗಿ ಶಾಲೆಯಲ್ಲೇ ಕಲಿತವರ ಲೆಕ್ಕವನ್ನು ಬೇರೆ ತೋರಿಸುವುದು ಈ ಕಾರಣಕ್ಕೆ. ಮಗುವಿನ ಅಂಕವನ್ನು ಒಟ್ಟು ಸರಾಸರಿಯೊಂದಿಗೆ ಹೋಲಿಸಿ ಬೇಸರಪಡುವ ಪೋಷಕರು ಆ ಇನ್ನೊಂದು ಸಾಲನ್ನು ನೋಡಬೇಕು.

ಇದರಾಚೆ ‘ಎಪಿ ಸ್ಪ್ಯಾನಿಷ್ ಸಾಹಿತ್ಯ ಮತ್ತು ಸಂಸ್ಕೃತಿ’ ಎಂಬ ಇನ್ನೊಂದು ತರಗತಿಯೂ ಇದೆ. ಅಲ್ಲಿ ಓದಲೇಬೇಕಾದ 38 ಕೃತಿಗಳ ಪಟ್ಟಿ ಗೊತ್ತಾಗಿದೆ. ಹದಿನಾಲ್ಕನೆಯ ಶತಮಾನದ ದೋನ್ ಹ್ವಾನ್ ಮನ್ವೆಲ್‌ನ ಕಥೆಯಿಂದ ಹಿಡಿದು ಸೆರ್ವಾಂಟಿಸ್‌ನ ‘ದೋನ್ ಕಿಹೋತೆ’ಯ ಆಯ್ದ ಅಧ್ಯಾಯಗಳು, ಸೋರ್ ಹ್ವಾನಾಳ ಕವಿತೆ, ಲೋರ್ಕಾನ ನಾಟಕ, ಬೋರ್ಹೆಸ್, ರುಲ್ಫೊ, ಗಾರ್ಸಿಯಾ ಮಾರ್ಕ್ವೆಸ್‌ರ ಕಥೆಗಳವರೆಗೆ ಅದು ಹಬ್ಬಿದೆ. ಕನ್ನಡ ಓದುಗರಿಗೆ ಪರಿಚಿತ ಹೆಸರುಗಳು ಅಲ್ಲೇ ಹೆಚ್ಚು. ಸೇರುವ ಮಕ್ಕಳು ಮಾತ್ರ ಭಾಷೆಯ ತರಗತಿಗಿಂತ ಬಹಳ ಕಡಿಮೆ.

ಎಪಿ ಫಲಿತಾಂಶ ಜುಲೈಯಲ್ಲಿ ಒಂದರಿಂದ ಐದರ ಅಳತೆಯಲ್ಲಿ ಬರುತ್ತದೆ. ಮೂರು ಬಂದರೆ ‘ಅರ್ಹ’ ಎಂದರ್ಥ. ಕೆಲವು ವಿಶ್ವವಿದ್ಯಾಲಯಗಳು ಮೂರಕ್ಕೇ ಕ್ರೆಡಿಟ್ ಕೊಡುತ್ತವೆ, ಕೆಲವು ನಾಲ್ಕು ಅಥವಾ ಐದು ಕೇಳುತ್ತವೆ, ಇನ್ನು ಕೆಲವು ಕ್ರೆಡಿಟ್ ಕೊಡದೆ ಮೇಲಿನ ತರಗತಿಗೆ ಸೇರಿಸಿಕೊಂಡು ಸುಮ್ಮನಾಗುತ್ತವೆ. ಹಾಗಾಗಿ ಎಪಿ ತರಗತಿಗೆ ಹೆಸರು ಬರೆಸುವ ಮುನ್ನ ತಾವು ಸೇರಬೇಕೆಂದಿರುವ ಕಾಲೇಜುಗಳ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು. ಇದರ ಜೊತೆಗೆ ದ್ವಿಭಾಷಾ ಸಾಕ್ಷರತೆಯ ಮುದ್ರೆ ಎಂಬ ಇನ್ನೊಂದು ಮನ್ನಣೆಯಿದೆ. 2011ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಆರಂಭಿಸಿದ ಇದನ್ನು ಬಳಿಕ ಇತರ ರಾಜ್ಯಗಳೂ ಅನುಸರಿಸಿದವು. ಹೈಸ್ಕೂಲು ಮುಗಿಸುವವರ ಡಿಪ್ಲೊಮಾದ ಮೇಲೆ ಈ ಮುದ್ರೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಪಿ ಭಾಷಾ ಪರೀಕ್ಷೆಯ ಮೂರು ಅಂಕವನ್ನು ಇದಕ್ಕೆ ಪುರಾವೆಯಾಗಿ ಒಪ್ಪುತ್ತಾರೆ. ಮುದ್ರೆ ಸ್ಪ್ಯಾನಿಷಿಗಷ್ಟೇ ಮೀಸಲಲ್ಲ. ಇಂಗ್ಲಿಷ್ ಅಲ್ಲದ ಬೇರೆ ಭಾಷೆಗಳಿಗೂ ಉಂಟು. ಎಪಿ ಪರೀಕ್ಷೆಯೇ ಇಲ್ಲದ ಭಾಷೆಗಳಿಗೆ ಬೇರೆ ಪರೀಕ್ಷೆಯ ದಾರಿಗಳಿವೆ. ಮನೆಯಲ್ಲಿ ಕನ್ನಡ ಓದಲು, ಬರೆಯಲು ಕಲಿತ ಮಕ್ಕಳ ಪೋಷಕರು ತಮ್ಮ ಶಾಲಾ ಜಿಲ್ಲೆಯಲ್ಲಿ ಕನ್ನಡಕ್ಕೂ ಅದನ್ನು ಪಡೆಯುವ ಕ್ರಮವೇನೆಂದು ವಿಚಾರಿಸಬಹುದು.